ಏಳನೆಯ ನಂಬರಿನ ಬೆಂಕಿ

ಔದುನ್ ಬ್ರೆಕ್ಕೆಗೆ ಸ್ಕೀ ಬರುತ್ತಿರಲಿಲ್ಲ. ನಾರ್ವೆಯಲ್ಲಿ ಇದನ್ನು ಹತ್ತು ಜನರ ಮುಂದೆ ಹೇಳಿಕೊಳ್ಳುವುದು ಕಷ್ಟ. ಲುಂದಾಲ್ ಕಣಿವೆಯಲ್ಲಂತೂ ಬಾಗಿಲು ಹಾಕಿಕೊಂಡು ಡಾಕ್ಟರಿಗೆ ಮಾತ್ರ ಹೇಳಬಹುದಾದ ಸಂಗತಿ. ಅವನು ಹುಟ್ಟಿದ್ದು ಪಶ್ಚಿಮದ ಕಡಲ ತೀರದಲ್ಲಿ, ಹಿಮ ನೆಲ ಮುಟ್ಟುವಷ್ಟರಲ್ಲಿ ಮಳೆಯಾಗಿಬಿಡುವ ಊರಿನಲ್ಲಿ. ಅಲ್ಲಿಯ ಮಕ್ಕಳು ನಡೆಯುವ ಮೊದಲು ದೋಣಿ ಹತ್ತುತ್ತಾರೆ. ಲುಂದಾಲಿನ ಮಕ್ಕಳು ನಡೆಯುವ ಮೊದಲು ಸ್ಕೀ ಕಟ್ಟಿಕೊಳ್ಳುತ್ತಾರೆ. ಔದುನ್ ಇಪ್ಪತ್ತೈದರ ಮೇಲೆ ಕಟ್ಟಿಕೊಂಡ. ಅಂದಿನಿಂದ ಕಣಿವೆಯ ಮಕ್ಕಳಿಗೆ ಭಾನುವಾರ ಹೊತ್ತು ಕಳೆಯುವುದು ಸಲೀಸಾಯಿತು. ಔದುನ್ ಇಳಿಜಾರಿನಲ್ಲಿ ಬೀಳುವುದನ್ನು ನೋಡಲು ಅವರು ಕಿತ್ತಳೆ ಹಣ್ಣು ಸುಲಿಯುತ್ತ ಸಾಲಾಗಿ ಕೂರುತ್ತಿದ್ದರು.

ಅವನಿಗೆ ಪುರಸಭೆಯಲ್ಲಿ ನೌಕರಿ. ಹುದ್ದೆಯ ಹೆಸರು ‘ಸಂಸ್ಕೃತಿ, ಕ್ರೀಡೆ ಮತ್ತು ಅತಿಥಿ ವಿಭಾಗದ ಸಹಾಯಕ ಸಲಹೆಗಾರ’. ಬಾಗಿಲಿನ ಫಲಕದಲ್ಲಿ ಅಷ್ಟೂ ಹಿಡಿಸದೆ ‘ಸಲಹೆಗಾರ’ ಎರಡನೆಯ ಸಾಲಿಗೆ ಇಳಿದಿತ್ತು. ಯಾರೂ ಅವನಲ್ಲಿ ಸಲಹೆ ಕೇಳಿರಲಿಲ್ಲವಾದ್ದರಿಂದ ಅದರಿಂದ ತೊಂದರೆಯೂ ಆಗಿರಲಿಲ್ಲ.

ಹೀಗಿರುವಾಗ ಆ ವರ್ಷದ ಅಂತರರಾಷ್ಟ್ರೀಯ ಸ್ಕೀ ಪಂದ್ಯಾವಳಿ ಲುಂದಾಲಿಗೆ ಬಂತು. ಸ್ಕೀ ಮೇಲೆ ಕಾಡಿನ ಜಾಡಿನಲ್ಲಿ ಸುತ್ತು ಹಾಕುವ ಹತ್ತಾರು ದೇಶಗಳ ಓಟಗಾರರು, ಅವರ ಹಿಂದೆ ಸಾವಿರಾರು ಪ್ರೇಕ್ಷಕರು. ಹಾಗೆ ಬರುವವರ ಕೈಗೆ ಒಂದು ಪ್ರೇಕ್ಷಕರ ಕೈಪಿಡಿ ಕೊಡಬೇಕು: ಬಸ್ಸು ಎಲ್ಲಿ, ಶೌಚಾಲಯ ಎಲ್ಲಿ, ಎಲ್ಲಿ ನಿಂತರೆ ಓಟ ಚೆನ್ನಾಗಿ ಕಾಣುತ್ತದೆ. ಮೇಲಧಿಕಾರಿ ಬೆರೀತ್ ಅದನ್ನು ಔದುನ್‌ನ ತಲೆಗೆ ಕಟ್ಟಿದಳು.

“ನಾನಾ? ನನಗೆ ಸ್ಕೀ ಬಗ್ಗೆ ಏನೂ ಗೊತ್ತಿಲ್ವಲ್ಲ.”

“ಅದಕ್ಕೇ ನೀನು. ಗೊತ್ತಿರೋರು ಬರೆದ್ರೆ ಹೊರಗಿನವರಿಗೆ ಒಂದಕ್ಷರ ಅರ್ಥ ಆಗಲ್ಲ. ನಿನಗೆ ಅರ್ಥ ಆದದ್ದು ಯಾರಿಗಾದ್ರೂ ಆಗತ್ತೆ.”

ಇದು ಹೊಗಳಿಕೆಯೋ ಬೈಗುಳವೋ ಎಂದು ಅವನು ಮಧ್ಯಾಹ್ನದ ತನಕ ಯೋಚಿಸಿದ. ಆಮೇಲೆ ಬರೆಯತೊಡಗಿದ. ಬರೆಯುತ್ತ ಬರೆಯುತ್ತ ಅವನಿಗೆ ಹುರುಪು ಏರಿತು. ಕಾಲಿಗೆ ಉಣ್ಣೆಯ ಕಾಲುಚೀಲ ಎರಡು ಜೊತೆ ಹಾಕಿ, ಒಂದರ ಮೇಲೊಂದು. ಎರಡನೆಯದು ಬಿಗಿಯಾದರೆ ಒಂದೇ ಸಾಕು, ಬಿಗಿದ ಕಾಲಿಗೆ ಚಳಿ ಬೇಗ. ಓಟಗಾರ ಎಷ್ಟು ಹಿಂದೆ ಬಿದ್ದಿದ್ದರೂ ಅವನಿಗೂ ಕೂಗಿ; ಕೊನೆಯವನಿಗೆ ಇನ್ನೂ ಜೋರಾಗಿ ಕೂಗಿ. ಜಾಡನ್ನು ದಾಟುವಾಗ ಎರಡೂ ಕಡೆ ನೋಡಿ, ಓಟಗಾರರನ್ನು ಹುರಿದುಂಬಿಸಲು ಬಾರಿಸುವ ನಿಮ್ಮ ಗಂಟೆ ಕೆಳಗೆ ಬಿದ್ದರೆ ಬಿಟ್ಟುಬಿಡಿ. ಇಂಥವೆಲ್ಲ ಅದರಲ್ಲಿದ್ದವು. ಬಿದ್ದು ಬಿದ್ದು ಕಲಿತವನಿಗೆ ಬೀಳದ ಜಾಗಗಳೂ ಚೆನ್ನಾಗಿಯೇ ಗೊತ್ತಿದ್ದವು.

ನಕ್ಷೆಯಲ್ಲಿ ನಿಂತು ನೋಡುವ ಜಾಗಗಳಿಗೆ ನಂಬರು ಹಾಕುತ್ತ ಹೋದ. ಏಳನೆಯ ನಂಬರಿನಲ್ಲಿ ಎಡವಿದ.

ಏನಾಯಿತೆಂದು ಹೇಳುವ ಮೊದಲು ಸಿನ್ನೋವೆಯ ವಿಷಯ ಹೇಳಬೇಕು. ಸಿನ್ನೋವೆ ಕಣಿವೆಯ ಬಸ್ಸು ಓಡಿಸುವ ಹುಡುಗಿ. ಎರಡು ವರ್ಷದಿಂದ ಅವಳೂ ಔದುನ್ನೂ ಜೊತೆಗಿದ್ದರು. ಅವಳ ಅಪ್ಪ ಹಾಲ್ವಾರ್ದ್ ರಸ್ತೆಯ ಹಿಮ ತೆಗೆಯುವ ಗಾಡಿಯ ಚಾಲಕ. ಮಾತಿನಲ್ಲೂ ಹಾಗೆಯೇ, ದಾರಿಗೆ ಅಡ್ಡ ಬಂದಷ್ಟನ್ನೇ ತೆಗೆದು ಬದಿಗೆ ಹಾಕುತ್ತಿದ್ದ. ಆ ಕಣಿವೆಯಲ್ಲಿ ಮಂತ್ರಿಗೂ ಮಾವನಿಗೂ ಏಕವಚನವೇ, ಹೆಸರು ಹಿಡಿದೇ ಕರೆಯುವುದು. ಆದರೂ ಹಾಲ್ವಾರ್ದನ ಎದುರು ನಿಂತಾಗ ಔದುನ್‌ನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಓಟದ ದಿನ ಆ ಮನೆಯವರ ಬೆಂಕಿ ಉರಿಯುವುದು ಕರಡಿ ತಿರುವಿನಲ್ಲಿ, ಮೂರು ಪೈನ್ ಮರಗಳ ಕೆಳಗೆ. ಕಾಡು ಎಲ್ಲರದು, ಯಾರು ಎಲ್ಲಿ ಬೇಕಾದರೂ ನಡೆಯಬಹುದು, ಕೂರಬಹುದು, ಡೇರೆ ಹಾಕಬಹುದು, ಕಾನೂನೇ ಹಾಗಿದೆ. ‘ಇದು ನಮ್ಮ ಜಾಗ’ ಎಂದು ಬಾಯಿಬಿಟ್ಟು ಹೇಳಿದವನು ಮರುದಿನ ಅಂಗಡಿಯಲ್ಲಿ ಮುಖ ತೋರಿಸಲಾರ. ಆದರೆ ಜಾಡಿನ ಯಾವ ತಿರುವಿನಲ್ಲಿ ಯಾವ ಮನೆಯ ಬೆಂಕಿ ಎಂಬುದು ಕಣಿವೆಯ ನಾಯಿಗಳಿಗೂ ಗೊತ್ತು. ಅಲ್ಲಿಗೆ ಮೊದಲು ಹೋದದ್ದು ಹಾಲ್ವಾರ್ದನ ಅಜ್ಜ. ಅವನು ಕಡಿದು ಹಾಕಿದ ದಿಮ್ಮಿ ಹಾಲ್ವಾರ್ದನ ಅಪ್ಪನ ಕಾಲದಲ್ಲಿ ಕೊಳೆಯಿತು. ಅಪ್ಪ ಬೇರೆ ದಿಮ್ಮಿ ಹಾಕಿದ. ಅದರ ಮೇಲೆ ಹಿಮಸಾರಂಗದ ಚರ್ಮ ಹಾಸಿ ಕೂರುತ್ತಾರೆ. ಮನೆಯವರಿಗೆ ತಲೆಗೊಂದು ಚರ್ಮ. ಬಂದು ಹೋಗುವವರು ತಮ್ಮ ಸ್ಪಂಜಿನ ಚೂರು ತಾವೇ ತರಬೇಕು.

ಹಿಂದಿನ ಚಳಿಗಾಲದಲ್ಲಿ ಸಿನ್ನೋವೆ ಅವನನ್ನು ಆ ಬೆಂಕಿಗೆ ಕರೆದುಕೊಂಡು ಹೋಗಿದ್ದಳು. ಔದುನ್ ಸ್ಪಂಜಿನ ಮೇಲೆ ಕೂತ. ಅವಳ ಅಮ್ಮ ಗುನ್ವೋರ್ ಲೋಟಕ್ಕೆ ಕುರಿಮಾಂಸದ ಸೂಪು ಬಗ್ಗಿಸಿದಳು. ಕ್ಯಾರೆಟ್ಟು, ನವಿಲುಕೋಸು, ಸ್ವಲ್ಪ ಹೊಗೆ. ಔದುನ್ ಕಣ್ಣು ಮುಚ್ಚಿಕೊಂಡು ಕುಡಿದ. ಹತ್ತಿರದಲ್ಲೇ ಓಟಗಾರರು ಏದುಸಿರು ಬಿಡುತ್ತ ಏರು ಹತ್ತುತ್ತಿದ್ದರು. ಇಷ್ಟು ವರ್ಷ ಈ ಚಳಿಯನ್ನು ಯಾತಕ್ಕೆ ಬೈದುಕೊಂಡೆ ಎಂದು ಅವನಿಗೆ ನಾಚಿಕೆಯಾಯಿತು.

ಕೈಪಿಡಿ ಬರೆಯುತ್ತಿದ್ದ ಶರತ್ಕಾಲದಲ್ಲಿ ಸಿನ್ನೋವೆ ಅವನ ಕಿವಿಯಲ್ಲಿ ಒಂದು ಮಾತು ಹೇಳಿದ್ದಳು: “ಅಪ್ಪ ಕೊಟ್ಟಿಗೆಯಲ್ಲಿ ಹೊಸ ಚರ್ಮ ಒಣಹಾಕಿದಾನೆ. ಇಷ್ಟು ದಿನ ನಾವು ಐದು ಜನ, ಐದು ಚರ್ಮ. ಇದು ಆರನೇದು. ನಾನು ಹೇಳಿದೆ ಅಂತ ಹೇಳಬೇಡ.”

ಔದುನ್ ಸೌದೆ ತರುವ ನೆಪ ಮಾಡಿ ಕೊಟ್ಟಿಗೆಗೆ ಹೋಗಿ ನೋಡಿಬಂದ. ಮೊಳೆಗೆ ನೇತುಹಾಕಿದ ಬೂದು ಚರ್ಮ, ದಟ್ಟ ಕೂದಲು. ಹಾಲ್ವಾರ್ದ್ ಬಾಯಿಬಿಟ್ಟು ‘ನೀನೂ ನಮ್ಮವನು’ ಎನ್ನುವ ಆಸಾಮಿಯಲ್ಲ. ಆ ಚರ್ಮವೇ ಅವನ ಮಾತು. ಔದುನ್ ಅದರ ಮೇಲೊಮ್ಮೆ ಕೈಯಾಡಿಸಿ, ಕದ್ದವನಂತೆ ಹೊರಗೆ ಬಂದ, ಸೌದೆಯನ್ನು ಮರೆತು.

ಈ ಸಂತೋಷದಲ್ಲಿಯೇ ಏಳನೆಯ ನಂಬರು ಬರೆದ. ಹೆಸರು ಹಾಕಲಿಲ್ಲ, ಅಷ್ಟು ಬುದ್ಧಿ ತನಗಿದೆ ಎಂದು ಹೆಮ್ಮೆಪಟ್ಟುಕೊಂಡ. ಬರೆದದ್ದು ಇಷ್ಟು: ‘ಏಳು, ಕರಡಿ ತಿರುವು. ಓಟದ ಕೊನೆಯ ಏರು ಇದೇ. ಓಟಗಾರರ ಉಸಿರು ಕೇಳಿಸುತ್ತದೆ. ಮೂರು ಪೈನ್ ಮರಗಳ ಕೆಳಗೆ ಕಣಿವೆಯಲ್ಲೇ ಅತ್ಯುತ್ತಮವಾದ ಬೆಂಕಿ ಉರಿಯುತ್ತಿರುತ್ತದೆ, ಅದರ ಮೇಲೆ ಕಣಿವೆಯಲ್ಲೇ ಅತ್ಯುತ್ತಮವಾದ ಮಾಂಸದ ಸೂಪು. ಸಂಕೋಚ ಬೇಡ. ನಿಮ್ಮ ಲೋಟ ನೀವೇ ತನ್ನಿ.’ ಅಚ್ಚಿನಲ್ಲಿ ಹೊಗಳಿದರೆ ಹಾಲ್ವಾರ್ದನಿಗೆ ಒಳಗೊಳಗೇ ಖುಷಿಯಾದೀತು ಎಂದೂ ಎಣಿಸಿದ. ಕಡಲ ತೀರದವರು ಮೀನು ಸಿಕ್ಕರೆ ಊರಿಗೆಲ್ಲ ಕೂಗಿ ಹೇಳುತ್ತಾರೆ. ಇಲ್ಲಿ ಗುನ್ವೋರ್ ಬೇಸಿಗೆಯಲ್ಲಿ ಜೌಗಿನ ಹಳದಿ ಹಣ್ಣು ಆರಿಸುವ ಜಾಗವನ್ನು ಕಟ್ಟಿಕೊಂಡ ಗಂಡನಿಗೇ ಹೇಳಿಲ್ಲ. ಇದೆಲ್ಲ ಗೊತ್ತಿದ್ದೂ ಅವನ ತಲೆಗೆ ಹೊಳೆಯಲಿಲ್ಲ. ಬೆರೀತ್ ಬಸ್ಸು ಮತ್ತು ಶೌಚಾಲಯಗಳ ಪುಟ ನೋಡಿ ಸಹಿ ಹಾಕಿದಳು. ಕೈಪಿಡಿ ಮೂರು ಭಾಷೆಗಳಲ್ಲಿ ಅಚ್ಚಾಯಿತು. ಕಣಿವೆಯ ಪ್ರತಿ ಮನೆಯ ಅಂಚೆಪೆಟ್ಟಿಗೆಗೂ ಒಂದೊಂದು ಬಿತ್ತು.

ಮರುದಿನ ಬೆರೀತ್ ಅವನ ಬಾಗಿಲಲ್ಲಿ ಬಂದು ನಿಂತಳು.

“ಏಳನೇ ನಂಬರ್ ಓದಿದೆ.”

“ಹೇಗಿದೆ?”

ಬೆರೀತ್ ಒಳಗೆ ಬಂದು ಬಾಗಿಲು ಹಾಕಿದಳು. “ಬೇರೆ ಕಣಿವೆಯಲ್ಲಿ ನಿನಗೆ ಯಾರಾದ್ರೂ ನೆಂಟರಿದಾರಾ?” ಅಂದಳು.

ಆಗ ಅವನಿಗೆ ಹೊಳೆಯಿತು, ಹಾಲ್ವಾರ್ದನ ಬೆಂಕಿಯ ವಿಳಾಸವನ್ನು ಕಂಡವರಿಗೆಲ್ಲ ಕೊಟ್ಟುಬಿಟ್ಟಿದ್ದೇನೆ ಎಂದು.

ಭಾನುವಾರ ಹಾಲ್ವಾರ್ದನ ಮನೆಯಲ್ಲಿ ಊಟ. ಬೈಗುಳ ತಿನ್ನಲು ಸಿದ್ಧನಾಗಿಯೇ ಔದುನ್ ಹೋಗಿದ್ದ. ಯಾರೂ ಬೈಯಲಿಲ್ಲ. ಎಂದಿನಂತೆ ಮಾಂಸದುಂಡೆ, ಎಂದಿನಂತೆ ಕಂದು ಸಾರು. ಹಾಲ್ವಾರ್ದ್ ಬಾಯಿ ಒರೆಸಿಕೊಂಡ.

“ಕಾಗದ ಒಳ್ಳೇದಿದೆ.”

“ಯಾವ ಕಾಗದ?”

“ನಿನ್ನ ಪುಸ್ತಕದ್ದು. ದಪ್ಪ. ಹೊಳೀತದೆ.”

“ಹೌದು, ಈ ಸಲ ಸ್ವಲ್ಪ ಒಳ್ಳೇ ಕಾಗದ...”

“ಬೆಂಕಿ ಹಚ್ಚೋಕೆ ಬರಲ್ಲ.”

ಗುನ್ವೋರ್ ಬಟ್ಟಲು ಮುಂದೆ ತಳ್ಳಿದಳು. “ಆಲೂಗಡ್ಡೆ ಹಾಕ್ಕೋ, ಔದುನ್. ಬೇಕಾದಷ್ಟಿದೆ. ಇದರ ಬಗ್ಗೆ ಇನ್ನೂ ಯಾರೂ ಬರೆದಿಲ್ಲ.”

ಔದುನ್ ಗಂಟಲು ಸರಿಮಾಡಿಕೊಂಡ. “ಹಾಲ್ವಾರ್ದ್, ನಾನು ಯೋಚನೆ ಮಾಡಿದೀನಿ. ಏಳನೇ ನಂಬರಿನ ಮೇಲೆ ಬಿಳೀ ಚೀಟಿ ಅಂಟಿಸಿಬಿಡ್ತೀನಿ. ಪ್ರತಿಯೊಂದು ಪುಸ್ತಕಕ್ಕೂ. ನಾನೇ ಕೂತು ಅಂಟಿಸ್ತೀನಿ.”

“ಚೀಟಿ ಕಂಡ್ರೆ ಜನ ಉಗುರಲ್ಲಿ ಕೆರೆದು ನೋಡ್ತಾರೆ. ಈಗ ಓದದೇ ಇರೋರೂ ಆಗ ಓದ್ತಾರೆ.” ಹಾಲ್ವಾರ್ದ್ ಎದ್ದ. “ಬಿಡು. ಕಾಡು ಎಲ್ಲರದು.”

ಹೊರಡುವಾಗ ಔದುನ್ ಕೊಟ್ಟಿಗೆಯ ಕಡೆ ಹೋಗಿ ಇಣುಕಿದ. ಮೊಳೆ ಇತ್ತು. ಚರ್ಮ ಇರಲಿಲ್ಲ.

“ಒಂದ್ಸಲ ಬೈದುಬಿಟ್ಟಿದ್ರೆ ಚೆನ್ನಾಗಿತ್ತು,” ಎಂದ ಸಿನ್ನೋವೆಗೆ, ದಾರಿಯಲ್ಲಿ.

“ಬೈದನಲ್ಲ. ‘ಕಾಡು ಎಲ್ಲರದು’ ಅಂದದ್ದು ಕೇಳಿಸಲಿಲ್ವಾ? ಇಷ್ಟು ಕೆಟ್ಟದಾಗಿ ಬೈದದ್ದು ನಾನು ಕೇಳೇ ಇಲ್ಲ.”

“ಚರ್ಮ ಎಲ್ಲಿ ಹೋಯ್ತು?”

“ನನಗೇನು ಗೊತ್ತು? ನೀನು ಯಾಕೆ ಬರೆದೆ ಕಣೋ? ನಿನಗೆ ಅಷ್ಟು ಇಷ್ಟ ಆಗಿದ್ರೆ ಬಾಯಿ ಮುಚ್ಕೊಂಡು ಕುಡೀಬೇಕಿತ್ತು.”

ಐವತ್ತು ಕಿಲೋಮೀಟರ್ ಓಟದ ದಿನ ಶನಿವಾರ. ಔದುನ್ ಬೆಳಿಗ್ಗೆಯೇ ‘ಸಹಾಯಕ’ ಎಂದು ಬರೆದಿದ್ದ ಕಿತ್ತಳೆ ಬಣ್ಣದ ಕೋಟು ತೊಟ್ಟು ಕರಡಿ ತಿರುವಿಗೆ ಹೊರಟ. ಅಲ್ಲಿ ನಿಂತು ಬಂದ ಅತಿಥಿಗಳನ್ನೆಲ್ಲ ಎಂಟನೆಯ ನಂಬರಿಗೆ ಸಾಗಹಾಕುವುದು ಅವನ ಯೋಜನೆ. ಕೂರಲು ಚರ್ಮ ಸಿಗದಿದ್ದರೂ ಚಿಂತೆಯಿಲ್ಲ, ಆ ಬೆಂಕಿಯ ಮುಂದೆ ಮತ್ತೆ ಸ್ಪಂಜು ಹಾಕುವಷ್ಟು ಜಾಗ ಉಳಿದರೆ ಸಾಕು. ದಾರಿಯಲ್ಲಿ ಮೂರು ಕಡೆ ಬಿದ್ದ. ನಾಲ್ಕನೆಯ ಕಡೆ ಸ್ಕೀ ಬಿಚ್ಚಿ ಹೆಗಲ ಮೇಲಿಟ್ಟುಕೊಂಡು, ತೊಡೆಯವರೆಗೆ ಹುಗಿಯುತ್ತ ನಡೆದ.

ಮೂರು ಪೈನ್ ಮರಗಳ ಕೆಳಗೆ ಬೆಂಕಿಯಿರಲಿಲ್ಲ. ಹಾಲ್ವಾರ್ದನಿರಲಿಲ್ಲ. ದಿಮ್ಮಿಯ ಮೇಲೆ ಯಾರೂ ಮುಟ್ಟದ ಹಿಮ ಹಾಗೇ ಕೂತಿತ್ತು. ಇದ್ದದ್ದು ಮೂವತ್ತು ನಲವತ್ತು ಅಪರಿಚಿತರು, ಪ್ರತಿಯೊಬ್ಬರ ಕೈಯಲ್ಲೂ ಒಂದು ಲೋಟ.

ಹಾಲ್ವಾರ್ದ್ ಏನು ಮಾಡಿದ್ದಾನೆಂದು ಔದುನ್‌ಗೆ ಅರ್ಥವಾಯಿತು. ಮೂರು ತಲೆಮಾರಿನ ಜಾಗವನ್ನು ಒಂದು ಮಾತೂ ಆಡದೆ ಬಿಟ್ಟು, ಮನೆಯವರನ್ನೆಲ್ಲ ಕಟ್ಟಿಕೊಂಡು, ಗುಡ್ಡದ ಮೇಲೆ ಎಲ್ಲಿಗೋ ಹೊರಟುಹೋಗಿದ್ದ. ಸಿನ್ನೋವೆ ಹಿಂದಿನ ಸಂಜೆ ಫೋನಿನಲ್ಲಿ “ನಾಳೆ ನನ್ನ ಹುಡುಕಬೇಡ, ಅಪ್ಪನ ಹತ್ತಿರ ಆಣೆ ಮಾಡಿದೀನಿ” ಅಂದದ್ದು ಇದಕ್ಕೇ.

ಎತ್ತರದ ಜರ್ಮನ್ ಹೆಂಗಸೊಬ್ಬಳು ಮುಂದೆ ಬಂದಳು. ಕೈಪಿಡಿಯನ್ನು ಒದ್ದೆಯಾಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊರಳಿಗೆ ನೇತುಹಾಕಿಕೊಂಡಿದ್ದಳು. ಶಾಲೆಯಲ್ಲಿ ಕಲಿತ ಜರ್ಮನ್ ಭಾಷೆ ಔದುನ್‌ಗೆ ಅಷ್ಟಿಷ್ಟು ಬರುತ್ತಿತ್ತು.

“ಇದು ಏಳನೇ ನಂಬರ್ ತಾನೇ?”

“ಹೌದು.”

“ಬೆಂಕಿ ಎಲ್ಲಿ?”

“ಬೆಂಕಿ... ಇವತ್ತು ಇಲ್ಲ ಅನ್ಸತ್ತೆ. ಎಂಟನೇ ನಂಬರಿನಲ್ಲಿ ನೋಟ ತುಂಬ ಚೆನ್ನಾಗಿದೆ.”

ಅವಳು ಪ್ಲಾಸ್ಟಿಕ್ಕಿನ ಮೇಲೆ ಬೆರಳಿಟ್ಟಳು. “‘ಉರಿಯುತ್ತಿರುತ್ತದೆ’ ಅಂತ ಬರೆದಿದೆ. ‘ಉರಿಯಬಹುದು’ ಅಂತಲ್ಲ. ನಾನು ಹೋಟೆಲಿನಲ್ಲಿ ತಿಂಡಿ ಬಿಟ್ಟು ಬಂದಿದೀನಿ. ಯಾರಪ್ಪ ಇದನ್ನ ಬರೆದವರು?”

“ನಾನೇ.”

“ಓ!” ಅವಳ ಮುಖ ಅರಳಿತು. “ಬರವಣಿಗೆ ಚೆನ್ನಾಗಿದೆ. ನನ್ನ ಹೆಸರು ಹಿಲ್ಟ್ರೂದ್.” ಹಿಂದೆ ತಿರುಗಿ ಎಲ್ಲರಿಗೂ ಕೂಗಿ ಹೇಳಿದಳು: “ಬರೆದವರೇ ಬಂದಿದಾರೆ! ಈಗ ಹಚ್ಚುತ್ತಾರೆ!”

ನಲವತ್ತು ಲೋಟಗಳು ಅವನ ಕಡೆ ತಿರುಗಿದವು. ಇನ್ನು ಹಚ್ಚದೆ ವಿಧಿಯಿರಲಿಲ್ಲ. ಔದುನ್ ದಿಮ್ಮಿಯ ಮುಂದಿನ ಹಿಮ ತೋಡಿ ಹಳೆಯ ಕಪ್ಪು ಕಲ್ಲುಗಳನ್ನು ಹುಡುಕಿದ. ಕೈಗೆ ಸಿಕ್ಕಿದ ಕೊಂಬೆ ಮುರಿದು ಪೇರಿಸಿದ, ಎಲ್ಲವೂ ಹಸಿ. ಕೊಂಬೆಗಳಡಿ ಸಿಕ್ಕಿಸಲು ತನ್ನ ಚೀಲದಲ್ಲಿದ್ದ ಕೈಪಿಡಿಗಳನ್ನೇ ಹರಿದ. ಕಡ್ಡಿ ಗೀರಿದ. ಕಾಗದ ಹೊತ್ತಲಿಲ್ಲ, ಮುರುಟಿಕೊಂಡಿತು. ಏಳನೆಯ ನಂಬರಿನ ಪುಟ ಅಂಚಿನಲ್ಲಿ ಹಸಿರು ಬಣ್ಣಕ್ಕೆ ತಿರುಗಿ ಕೆಟ್ಟ ವಾಸನೆ ಬಿಟ್ಟಿತು. ಫಿನ್ಲೆಂಡಿನ ಮುದುಕನೊಬ್ಬ ತನ್ನ ಜೇಬಿನ ಬಾಟಲಿಯಿಂದ ಎರಡು ಗುಟುಕಿನಷ್ಟು ಮದ್ಯ ಸುರಿದ. ಅದು ಭುಗ್ಗೆಂದು ಉರಿದು ಆರಿತು. ಆಮೇಲೆ ಹೊಗೆ ಬಂತು.

ಎಂಥ ಹೊಗೆ! ಹಸಿ ಸ್ಪ್ರೂಸ್ ಕೊಂಬೆಗಳ ಬಿಳಿ ಹೊಗೆ ಮೂರು ಮರಗಳನ್ನು ನುಂಗಿತು, ತಿರುವನ್ನು ನುಂಗಿತು, ಜಾಡಿಗೆ ಅಡ್ಡಲಾಗಿ ಮಲಗಿತು. ಮೊದಲ ಸುತ್ತಿನ ಓಟಗಾರರು ಅದರೊಳಗೆ ಹೊಕ್ಕು ಕೆಮ್ಮುತ್ತ ಆಚೆ ಹೊರಬಿದ್ದರು. ಹಿಲ್ಟ್ರೂದ್ ಕಣ್ಣೀರು ಸುರಿಸುತ್ತಲೇ ಪ್ರತಿ ಓಟಗಾರನಿಗೂ ಗಂಟೆ ಬಾರಿಸಿದಳು. ಕೆಳಗಿನ ಮೈದಾನದ ಧ್ವನಿವರ್ಧಕ ಹೇಳಿತು: “ಕರಡಿ ತಿರುವಿನಲ್ಲಿ ಮಂಜು ಕವಿದಂತೆ ಕಾಣುತ್ತಿದೆ. ಹವಾಮಾನದವರು ಇದನ್ನು ಹೇಳಿರಲಿಲ್ಲ.”

ಹೊಗೆಯೊಳಗಿಂದ ಹಾಲ್ವಾರ್ದ್ ಬಂದ. ಸ್ಕೀ ಮೇಲೆ, ಒಂದು ಸದ್ದೂ ಇಲ್ಲದೆ. ಔದುನ್‌ನ ಎದುರು ನಿಂತು ಕೆಳಗೆ ನೋಡಿದ.

“ಏನಿದು?”

“ಬೆಂಕಿ.”

“ಅಲ್ಲ,” ಅಂದ ಹಾಲ್ವಾರ್ದ್. ಮೊಣಕಾಲೂರಿ ಕೂತು ಕೊಂಬೆಗಳನ್ನೆಲ್ಲ ಕಿತ್ತು ಎಸೆದ. ಅರ್ಧ ಸುಟ್ಟ ಕೈಪಿಡಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. “ಹೇಳಿದ್ನಲ್ಲ.”

“ಹೌದು, ನೀನು ಹೇಳಿದ್ದೆ.”

“ಇದು ಟಿವಿಯಲ್ಲಿ ಬರ್ತಿದೆ ಕಣಯ್ಯಾ. ಇಡೀ ದೇಶ ನೋಡ್ತಿದೆ. ನಮ್ಮಪ್ಪನ ಜಾಗದಲ್ಲಿ ಹೊಗೆ! ಮೇಲೆ ಕೂತು ನೋಡಿದೆ, ನೋಡಿದೆ, ಆಗಲಿಲ್ಲ.”

ಔದುನ್ ಅವನ ಬಾಯಲ್ಲಿ ಕೇಳಿದ ಅತ್ಯಂತ ಉದ್ದದ ಮಾತು ಅದು. ಹಾಲ್ವಾರ್ದ್ ಅಂಗಿಯ ಒಳಗಿನಿಂದ ಬರ್ಚ್ ಮರದ ತೊಗಟೆಯ ಸುರುಳಿ ತೆಗೆದ, ಬೆನ್ನಿನ ಚೀಲದಿಂದ ಒಣ ಸೌದೆ ತೆಗೆದ, ತೊಗಟೆಗೆ ಕಿಡಿ ತೋರಿಸಿದ. ಬೆಂಕಿ ಎದ್ದು ಕೂತಿತು. ಹೊಗೆ ಚದುರಿ ಮರಗಳು ಹೊರಬಂದವು, ಅವುಗಳ ಜೊತೆ ಲೋಟ ಹಿಡಿದ ಜನರೂ. ಹಾಲ್ವಾರ್ದ್ ಅವರನ್ನು ಮೊದಲ ಬಾರಿಗೆ ನೋಡಿದ.

“ಎಲ್ಲರೂ ಲೋಟ ಹಿಡ್ಕೊಂಡಿದಾರೆ.”

“ತನ್ನಿ ಅಂತ ಬರೆದಿದ್ದೆ.”

ಹಾಲ್ವಾರ್ದ್ ಮೂಗಿನಿಂದ ದೀರ್ಘವಾಗಿ ಉಸಿರುಬಿಟ್ಟ. ತಾನು ಕರೆದು ಬಂದವರಲ್ಲ ನಿಜ. ಆದರೆ ಇಷ್ಟು ಜನ ತನ್ನ ಬೆಂಕಿಯ ಸುತ್ತ ಖಾಲಿ ಲೋಟ ಹಿಡಿದು ನಿಂತಿರುವುದನ್ನು ಕಂಡೂ ಬೆನ್ನು ತಿರುಗಿಸಿ ಹೋದರೆ, ಆ ಹೊಗೆಗಿಂತ ಅದು ದೊಡ್ಡ ಅವಮಾನ. ಗುಡ್ಡ ಹತ್ತಿ ಮೇಲಕ್ಕೆ ಹೋದ. ಓಟಗಾರರು ಇನ್ನೊಂದು ಸುತ್ತು ಬರುವಷ್ಟರಲ್ಲಿ ತಿರುಗಿ ಬಂದ. ಹಿಂದೆ ಸಿನ್ನೋವೆ, ಸೊಂಟಕ್ಕೆ ಕಟ್ಟಿದ ಜಾರುಬಂಡಿ ಎಳೆಯುತ್ತ. ಬಂಡಿಯಲ್ಲಿ ಸೂಪಿನ ಪಾತ್ರೆ, ಪಾತ್ರೆಯ ಮೇಲೆ ಹಗ್ಗ ಸುತ್ತಿದ ಬೂದು ಸುರುಳಿಯೊಂದು.

“ಅಮ್ಮ ಏನಂದ್ಲು?” ಔದುನ್ ಪಿಸುಗುಟ್ಟಿದ.

“‘ನೀರು ಬೆರೆಸಿ’ ಅಂದ್ಲು. ಸುಮ್ನೆ ಬಗ್ಗಿಸು.”

ಹಾಲ್ವಾರ್ದ್ ಸೌಟನ್ನು ಔದುನ್‌ನ ಕೈಗೆ ಕೊಟ್ಟ. “ಬರೆದವನೇ ಬಡಿಸಲಿ.”

ಔದುನ್ ಬಡಿಸಿದ. ಹಿಮ ಕರಗಿಸಿ ಬೆರೆಸಿ ಮತ್ತೆ ಬಡಿಸಿದ. ಹಿಲ್ಟ್ರೂದ್ ಮೊದಲ ಗುಟುಕು ಬಾಯಲ್ಲಿ ಹೊರಳಿಸಿ, ಹಾಲ್ವಾರ್ದನ ಕಡೆ ತಿರುಗಿ ಏನೋ ಹೇಳಿದಳು.

“ಏನಂತೆ?” ಅಂದ ಹಾಲ್ವಾರ್ದ್.

“ತುಂಬ ಚೆನ್ನಾಗಿದೆಯಂತೆ.”

“ಸುಳ್ಳು. ಉಪ್ಪು ಅಂದ್ಲು. ಅಷ್ಟು ಜರ್ಮನ್ ನನಗೂ ಗೊತ್ತು.” ಜೇಬಿನಿಂದ ಉಪ್ಪಿನ ಡಬ್ಬಿ ತೆಗೆದು ಅವಳ ಮುಂದೆ ಹಿಡಿದ. ಅವಳು ಹಾಕಿಕೊಂಡಳು. ಹಾಲ್ವಾರ್ದ್ ತನ್ನ ಲೋಟವನ್ನೂ ರುಚಿ ನೋಡಿ, ಅತ್ತಿತ್ತ ಕಣ್ಣಾಡಿಸಿ, ತಾನೂ ಒಂದು ಚಿಟಿಕೆ ಹಾಕಿಕೊಂಡ. “ಗುನ್ವೋರ್‌ಗೆ ಹೇಳಬೇಡಿ,” ಎಂದ, ಯಾರಿಗೆಂದಿಲ್ಲದೆ.

ಔದುನ್ ಆ ದಿನ ಓಟ ನೋಡಲೇ ಇಲ್ಲ. ಯಾರು ಗೆದ್ದರೆಂದು ಸೋಮವಾರ ಆಫೀಸಿನಲ್ಲಿ ಕೇಳಿ ತಿಳಿದುಕೊಂಡ. ಕೊನೆಯ ಓಟಗಾರ ಏರು ಹತ್ತಿ ಹೋಗುವವರೆಗೂ ಎಲ್ಲರೂ ನಿಂತು ಕೂಗಿದರು, ಅವನಿಗೆ ಇನ್ನೂ ಜೋರಾಗಿ, ಪುಸ್ತಕದಲ್ಲಿ ಬರೆದ ಹಾಗೆಯೇ. ಆಮೇಲೆ ಜನ ಲೋಟ ಒರೆಸಿಕೊಂಡು ಇಳಿದು ಹೋದರು. ಹಾಲ್ವಾರ್ದ್ ಬಂಡಿಯಿಂದ ಬೂದು ಸುರುಳಿ ಎತ್ತಿಕೊಂಡ. ಹಗ್ಗ ಬಿಚ್ಚಿ, ದಿಮ್ಮಿಯ ಹಿಮ ಒರೆಸಿ ಹಾಸಿದ. ದಟ್ಟ ಕೂದಲಿನ ಅದೇ ಚರ್ಮ. ಔದುನ್ ಸೌಟು ಕೆಳಗಿಟ್ಟ.

“ಇದು ನಿನಗೆ,” ಅಂದ ಹಾಲ್ವಾರ್ದ್.

“ಹಾಲ್ವಾರ್ದ್, ನಾನು ಹೇಗೆ...”

“ಇಲ್ಲಿಗೆ ಮಾತ್ರ. ಮೇಲಕ್ಕಲ್ಲ.” ಸ್ಕೀ ಕಟ್ಟಿಕೊಂಡ. “ಬರೋ ವರ್ಷಕ್ಕೆ ಸೌದೆ ನೀನೇ ಒಡಿ. ಬೇಸಿಗೆಯಲ್ಲೇ ಒಡೆದು ಒಣಗಿಸು. ಪಾತ್ರೆ ಇನ್ನೂ ದೊಡ್ಡದು ಬೇಕು. ಉಪ್ಪು ನೋಡ್ಕೋ.”

ಅವನು ಹೋದ ಮೇಲೆ ಔದುನ್ ನಿಂತೇ ಇದ್ದ. ಮನೆಯವನಾದನೋ, ಮನೆಯಿಂದ ಆಚೆ ಹಾಕಿಸಿಕೊಂಡನೋ ಗೊತ್ತಾಗಲಿಲ್ಲ. ಸಿನ್ನೋವೆ ಬಂದು ಚರ್ಮದ ಅರ್ಧಕ್ಕೆ ಕೂತು, ಉಳಿದರ್ಧವನ್ನು ಕೈಯಿಂದ ತಟ್ಟಿದಳು.

“ಕೂತ್ಕೋ. ಅಪ್ಪ ತನ್ನ ಅಪ್ಪನ ಜಾಗ ಕೊಟ್ಟಿದಾನೆ. ಇನ್ನೇನು ಪಲ್ಲಕ್ಕಿ ತರಬೇಕಾ?”

ಅದಾಗಿ ಕೆಲವು ಚಳಿಗಾಲಗಳು ಕಳೆದಿವೆ. ಔದುನ್‌ಗೂ ಸಿನ್ನೋವೆಗೂ ಮದುವೆಯಾಗಿದೆ. ಅಂತರರಾಷ್ಟ್ರೀಯ ಪಂದ್ಯಾವಳಿ ಬೇರೆ ಊರುಗಳಿಗೆ ಹೋಗಿದೆ. ಲುಂದಾಲಿನಲ್ಲಿ ಪ್ರತಿ ವರ್ಷ ಸಣ್ಣ ಓಟ ನಡೆಯುತ್ತದೆ, ಸಣ್ಣ ಕೈಪಿಡಿಯೂ ಅಚ್ಚಾಗುತ್ತದೆ, ಈಗ ಒರಟು ಕಾಗದದಲ್ಲಿ. ಅದರಲ್ಲಿ ಏಳನೆಯ ನಂಬರು ಹಾಗೆಯೇ ಇದೆ, ‘ಅತ್ಯುತ್ತಮ’ ಎಂಬ ಪದ ಮಾತ್ರ ಎರಡೂ ಕಡೆ ಇಲ್ಲ. ಹಿಲ್ಟ್ರೂದ್ ಆಗಾಗ ಬರುತ್ತಾಳೆ, ತನ್ನ ಉಪ್ಪು ತಾನೇ ತರುತ್ತಾಳೆ. ಔದುನ್ ಈಗ ಅಲ್ಲಿಗೆ ಹೋಗುವಾಗ ಒಂದೇ ಕಡೆ ಬೀಳುತ್ತಾನೆ.

ಮಾವನ ಹೊಸ ಜಾಗ ಎಲ್ಲಿ ಎಂಬುದನ್ನು ಅವನಿಗೆ ಇವತ್ತಿನವರೆಗೂ ಯಾರೂ ಹೇಳಿಲ್ಲ. ಓಟದ ದಿನ ದಾರಿ ಕವಲೊಡೆಯುವಲ್ಲಿ ಸಿನ್ನೋವೆ “ಆ ಕಡೆ ತಿರುಗು” ಅನ್ನುತ್ತಾಳೆ, ಅವನು ತಿರುಗಿ ನಿಲ್ಲುತ್ತಾನೆ, ಅವಳು ಹೋಗುತ್ತಾಳೆ. ಕೊನೆಯ ಸುತ್ತಿಗೆ ಮುಂಚೆ ಮೇಲಿನ ಪಾತ್ರೆಯ ಸೂಪು ಒಂದು ಲೋಟ ಹಿಡಿದುಕೊಂಡು ಇಳಿದು ಬಂದು ಅವನ ಪಕ್ಕ ಚರ್ಮದ ಅರ್ಧಕ್ಕೆ ಕೂರುತ್ತಾಳೆ. ಕೆಲವು ಸಲ ಗುಡ್ಡದ ಮೇಲೆ, ಸ್ಪ್ರೂಸ್ ಮರಗಳ ನಡುವೆ, ತೆಳ್ಳಗೆ ನೆಟ್ಟಗೆ ಏನೋ ಏಳುತ್ತಿರುತ್ತದೆ. ಔದುನ್ ಆ ಕಡೆ ನೋಡುವುದಿಲ್ಲ. ಅತಿಥಿಗಳಲ್ಲಿ ಯಾರಾದರೂ ಕೈಮಾಡಿ ಅದೇನೆಂದು ಕೇಳಿದರೆ, ಸೌಟು ಆಡಿಸುತ್ತ, “ಮಂಜು” ಎನ್ನುತ್ತಾನೆ.